ನಿಪ್ಪಾಣಿಯ ಹುಡುಗಿ ಸಿಂಹಳಕ್ಕೆ ಹೋಗಿ ಬಂದದ್ದು

ಕಾಶಿಗೆ ಹೋದವನು ಕಾವಡಿಯಲ್ಲಿ ಗಂಗೆಯನ್ನು ಹೊತ್ತು ಹಿಂದಿರುಗುವಷ್ಟರಲ್ಲಿ ಮನೆಯ ಆಕಳು ಎರಡು ಸಲ ಕರು ಹಾಕಿರುತ್ತಿತ್ತೆಂದು ನಮ್ಮ ಅಜ್ಜ ಹೇಳುತ್ತಿದ್ದರು. ಪ್ರವಾಸವೆಂದರೆ ಹಾಗಿರಬೇಕೆಂಬುದು ಅವರ ಮತ. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋದರೂ ಎಂಟು ದಿನ ಹಿಡಿಯುತ್ತಿದ್ದ ಕಾಲ ಅವರದು. ಆದುದರಿಂದ ನಮ್ಮ ಓಣಿಯ ಹುಡುಗಿಯೊಬ್ಬಳು ಹತ್ತೇ ದಿನಗಳ ಮಟ್ಟಿಗೆ ಸಿಂಹಳಕ್ಕೆ, ಅಂದರೆ ಇಂದಿನ ಶ್ರೀಲಂಕೆಗೆ, ಹೋಗಿ ಬರುತ್ತಾಳೆಂಬ ಸುದ್ದಿ ಹಬ್ಬಿದಾಗ ನಮ್ಮ ಕಟ್ಟೆಯ ಮಂಡಳಿ ಮೂಗು ಮುರಿಯಿತು. "ಹೋಗೂದಕ್ಕ ಎರಡು ದಿನ, ಬರೂದಕ್ಕ ಎರಡು ದಿನ. ನಡುವ ಉಳಿದದ್ದರಾಗ ಏನ ನೋಡಿ ಬರತಾಳ?" ಎಂದು ಒಬ್ಬರು ಲೆಕ್ಕ ಹಾಕಿದರು. ಮೂಗು ಮುರಿದವರಲ್ಲಿ ಈ ಲೇಖಕನೂ ಒಬ್ಬನಾಗಿದ್ದನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಹುಡುಗಿ ಬಿ.ಎ. ಎರಡನೆಯ ವರ್ಷದವಳು. ತಂದೆ ಸಾರಿಗೆ ಬಸ್ಸಿನ ಚಾಲಕ. ನಿಪ್ಪಾಣಿ–ಕೊಲ್ಹಾಪುರದ ಹಾದಿ ಅವರಿಗೆ ಅಂಗೈಗೆರೆಯಷ್ಟು ಪರಿಚಿತ. ತಾಯಿ ಮನೆಯಲ್ಲಿ ಕುಳಿತು ಬೀಡಿ ಕಟ್ಟುತ್ತಾರೆ. ತಂಬಾಕಿನ ಪೇಟೆಯಾದ ನಮ್ಮ ಊರಿನಲ್ಲಿ ಇದು ಹೊಸ ಸಂಗತಿಯೇನೂ ಅಲ್ಲ. ಎಷ್ಟೋ ಮನೆಗಳ ಮಕ್ಕಳ ಶಾಲೆಯ ಫೀ ಆ ಮೊರದ ಮೇಲಿನಿಂದಲೇ ಹುಟ್ಟಿ ಬಂದಿದೆ. ಹುಡುಗಿ ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿದಳು. 1948ರ ಕಾನೂನಿನ ಮೇರೆಗೆ ಹುಟ್ಟಿದ ಈ ಸಂಸ್ಥೆ ನಮ್ಮಲ್ಲಿ ಹಲವರಿಗೆ ಖಾಕಿ ಬಟ್ಟೆ, ಬೆಳಗಿನ ಕವಾಯತು ಮತ್ತು ಅನಂತರದ ಉಪಾಹಾರ, ಇಷ್ಟರಿಂದಲೇ ನೆನಪಿನಲ್ಲಿರುವುದು. ಆದರೆ ಪ್ರತಿ ಜನವರಿಯಲ್ಲಿ ದೆಹಲಿಯಲ್ಲಿ ನಡೆಯುವ ಗಣರಾಜ್ಯೋತ್ಸವದ ಶಿಬಿರಕ್ಕೆ ದೇಶದ ಎಲ್ಲ ಮೂಲೆಗಳಿಂದ ಎರಡು ಸಾವಿರಕ್ಕೂ ಮಿಕ್ಕಿ ಕ್ಯಾಡೆಟ್ಟುಗಳು ಬರುತ್ತಾರೆ. ಅವರಲ್ಲಿ ಕೆಲವರನ್ನು ಆರಿಸಿ ಯುವ ವಿನಿಮಯದ ಯೋಜನೆಯಲ್ಲಿ ಮಿತ್ರ ರಾಷ್ಟ್ರಗಳಿಗೆ ಕಳಿಸುವ ಪದ್ಧತಿಯುಂಟು. ನಮ್ಮವರು ಕೆಲವರು ಅಲ್ಲಿಗೆ, ಅಲ್ಲಿಯವರು ಕೆಲವರು ಇಲ್ಲಿಗೆ. ವಿನಿಮಯವೆಂದ ಕೂಡಲೆ ನಮ್ಮ ಪೇಟೆಯವರ ಕಿವಿ ನಿಮಿರುವುದು ಸಹಜ. "ಕೊಟ್ಟದ್ದೇನು, ತಂದದ್ದೇನು?" ಎಂದು ಅಡತಿ ಅಂಗಡಿಯ ಹಿರಿಯರೊಬ್ಬರು ಹುಡುಗಿಯ ತಂದೆಯನ್ನು ಚೇಷ್ಟೆ ಮಾಡಿದರು. ಆ ಪ್ರಶ್ನೆ ಅಷ್ಟು ಚೇಷ್ಟೆಯದಲ್ಲವೆಂದು ಆಮೇಲೆ ನನಗೆ ತಿಳಿಯಿತು.

ಹೊರಡುವ ಮುನ್ನ ಪಾಸ್‌ಪೋರ್ಟಿನ ಪ್ರಕರಣ. ನಮ್ಮ ಕಡೆಯ ಹೆಂಗಸರು ಹೆರಿಗೆಗೆ ಕೊಲ್ಹಾಪುರಕ್ಕೋ ಮಿರಜಿಗೋ ಹೋಗುವುದು ವಾಡಿಕೆ. ಕಾಗವಾಡದವರಿಗಂತೂ ಮಿರಜೆಯೇ ಹತ್ತಿರದ ಪಟ್ಟಣ. ಹೀಗಾಗಿ ಹುಡುಗಿಯ ಜನನದ ದಾಖಲೆ ಮರಾಠಿಯಲ್ಲಿ, ಶಾಲೆಯ ದಾಖಲೆ ಕನ್ನಡದಲ್ಲಿ. ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ. ಒಂದರಲ್ಲಿ ತಂದೆಯ ಹೆಸರು ನಡುವೆ ಇದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಕಚೇರಿಯೊಂದರ ಕಾರಕೂನರು ಎರಡೂ ಕಾಗದಗಳನ್ನು ಬಹಳ ಹೊತ್ತು ನೋಡಿ, ಇವರಿಬ್ಬರೂ ಒಬ್ಬಳೇ ಎಂದು ಪ್ರತಿಜ್ಞಾಪತ್ರ ಮಾಡಿಸಿಕೊಂಡು ಬರಲು ಹೇಳಿದರಂತೆ. ಗಡಿಯ ಮೇಲೆ ಹುಟ್ಟಿದವರೆಲ್ಲರೂ ಒಂದಿಲ್ಲೊಂದು ದಿನ ಮಾಡಿಸಬೇಕಾದ ಪ್ರತಿಜ್ಞಾಪತ್ರ ಅದು.

ಗಂಟು ಕಟ್ಟುವ ಸಂಭ್ರಮವನ್ನು ಏನೆಂದು ಹೇಳಲಿ! ಕಟಕ ರೊಟ್ಟಿ ಒಂದು ಡಬ್ಬಿ, ಶೇಂಗಾ ಚಟ್ನಿ ಒಂದು ಡಬ್ಬಿ. ಅಲ್ಲಿಯ ಗೆಳತಿಗೆಂದು ಅಥಣಿಯಲ್ಲಿ ಮಾಡಿದ ಒಂದು ಜೊತೆ ಚಪ್ಪಲಿ. ಇವಕ್ಕೆ ಲೋಕದಲ್ಲಿ ಕೊಲ್ಹಾಪುರಿ ಎಂಬ ಹೆಸರು; ಆದರೆ ಅಥಣಿಯ ಕೈಗಳು ತಲೆಮಾರುಗಳಿಂದ ಅವನ್ನು ಹೊಲಿಯುತ್ತ ಬಂದಿವೆ. 2019ರಲ್ಲಿ ಸರಕಾರ ಈ ಚಪ್ಪಲಿಗೆ ಭೌಗೋಲಿಕ ಗುರುತಿನ ಮಾನ್ಯತೆಯನ್ನು ಕೊಟ್ಟಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆ, ಹೀಗೆ ಎಂಟು ಜಿಲ್ಲೆಗಳಿಗೆ ಕೂಡಿಯೇ ಕೊಟ್ಟಿತು. ಯಾವ ಹಳ್ಳಿ ಯಾರದೆಂದು ಎರಡೂ ರಾಜ್ಯಗಳು ಸರ್ವೋಚ್ಚ ನ್ಯಾಯಾಲಯದ ಬಾಗಿಲಲ್ಲಿ ನಿಂತಿರುವಾಗ ಒಂದು ಜೊತೆ ಚಪ್ಪಲಿ ಮಾತ್ರ ಇಬ್ಬರ ಕಾಲಿಗೂ ಸರಿಹೊಂದಿತು.

ಇರಲಿ, ಹುಡುಗಿಯ ಸಂಗಡ ಕೊಲಂಬೊಕ್ಕೆ ಹೋಗೋಣ. ದೆಹಲಿಯಿಂದ ತಂಡದವರೊಂದಿಗೆ ಹೊರಟು ಅವಳು ಇಳಿದ ವಿಮಾನ ನಿಲ್ದಾಣಕ್ಕೆ ಬಂಡಾರನಾಯಕೆ ಎಂಬ ಪ್ರಧಾನಿಯ ಹೆಸರಿದೆ. ಆ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಮತ್ತೆ ಬರುತ್ತದೆ. ಹೊರಬಾಗಿಲಲ್ಲಿ ಕೈಮುಗಿದು ನಿಂತಿದ್ದವರು "ಆಯುಬೋವನ್" ಎಂದರು. ದೀರ್ಘಾಯುವಾಗು ಎಂಬ ಹಾರೈಕೆ ಅದು. 'ಆಯು' ಎಂಬುದು ಕಿವಿಗೆ ಬಿದ್ದದ್ದೇ ತಡ, ನಮ್ಮ ಹುಡುಗಿಗೆ ಅರ್ಧ ಅಂಜಿಕೆ ಹೋಯಿತು.

ಉಳಿದರ್ಧವನ್ನು ಹೋಗಲಾಡಿಸಿದ್ದು ಬೀದಿಯ ಫಲಕಗಳು. "ಕಾಕಾ, ಅಲ್ಲಿಯ ಬೋರ್ಡ ನೋಡಿದ ಕೂಡಲೆ ನಂಗ ನಮ್ಮೂರಿಗೇ ಬಂದೇನಿ ಅನಿಸ್ತರಿ," ಎಂದು ಅವಳು ನನಗೆ ವರ್ಣಿಸಿದಳು. ಸಿಂಹಳದ ಅಕ್ಷರಗಳು ದುಂಡಗೆ, ತಲೆಗೆರೆಯಿಲ್ಲದೆ, ಹುರಿದ ಕಡಲೆಯನ್ನು ಸಾಲಾಗಿ ಚೆಲ್ಲಿದಂತೆ ಇರುತ್ತವೆ. ದೂರದಿಂದ ನೋಡಿದರೆ ಕನ್ನಡವೆಂದೇ ಭ್ರಮೆ. ಹತ್ತಿರ ಹೋಗಿ ಓದಹೊರಟರೆ ಒಂದು ಅಕ್ಷರವೂ ಕೈಗೆ ಸಿಕ್ಕದು. ನಮ್ಮದೆಂದುಕೊಂಡದ್ದು ಬೇರೆಯದೇ ಆಗಿರುತ್ತದೆ. ಎರಡೂ ಲಿಪಿಗಳ ಮೂಲ ಬ್ರಾಹ್ಮಿಯೇ. ತಾಳೆಗರಿಯ ಮೇಲೆ ಕಂಟದಿಂದ ಬರೆಯುವಾಗ ನೇರ ಗೆರೆ ಎಳೆದರೆ ಗರಿ ಸೀಳುವುದೆಂದು ದಕ್ಷಿಣದ ಅಕ್ಷರಗಳು ದುಂಡಗಾದವೆಂದು ಹೇಳುವುದುಂಟು. ಅಂತೂ ಹುಡುಗಿ ಮೊದಲ ದಿನ ಬಸ್ಸಿನ ಕಿಟಕಿಗೆ ಮೂಗು ಹಚ್ಚಿ, ಓದಲು ಬಾರದ ತಾಯ್ನುಡಿಯನ್ನು ಓದುತ್ತ ಹೋದಳು.

ಎರಡನೆಯ ದಿನ ಇನ್ನೊಂದು ಆಶ್ಚರ್ಯ ಕಾದಿತ್ತು. ಅವಳಿಗೆ ಜೊತೆಗಾತಿಯಾಗಿ ಕೊಟ್ಟಿದ್ದ ಅಲ್ಲಿಯ ಕ್ಯಾಡೆಟ್ ಹುಡುಗಿ ಕ್ಯಾಂಡಿಯ ಕಡೆಯವಳು. ಇಬ್ಬರಿಗೂ ಸಮನಾಗಿ ಕುಂಟುವ ಇಂಗ್ಲಿಷೇ ಸೇತುವೆ. ಅವಳು ಯಾವುದನ್ನೋ ಎಣಿಸತೊಡಗಿದಳು: ಏಕ, ದೆಕ, ತುನ, ಹತರ, ಪಹ, ಹಯ, ಹತ, ಅಟ, ನಮಯ, ದಹಯ. ನಮ್ಮವಳು ಥಟ್ಟನೆ ತಲೆಯೆತ್ತಿದಳು. ದಹಯ! ನಿಪ್ಪಾಣಿಯ ಸಂತೆಯಲ್ಲಿ ಮರಾಠಿ ಮಾತಾಡುವ ಕಾಯಿಪಲ್ಯದ ಮುದುಕಿ ಹತ್ತು ರೂಪಾಯಿಗೆ ಹೇಳುವುದೂ 'ದಹಾ' ಎಂದೇ ತಾನೆ? ಕೈಗೆ ಸಿಂಹಳದಲ್ಲಿ 'ಅತ', ಮರಾಠಿಯಲ್ಲಿ 'ಹಾತ'. ಕಿವಿಗೆ ಅಲ್ಲಿ 'ಕನ', ಇಲ್ಲಿ 'ಕಾನ'. ಹಳ್ಳಿಗೆ ಅವರು 'ಗಮ' ಎನ್ನುತ್ತಾರೆ. ಅಲ್ಲಿ ಚಹದೊಂದಿಗೆ ಕಚ್ಚಿ ತಿನ್ನುವ ತಾಳೆಬೆಲ್ಲಕ್ಕೆ 'ಹಕುರು' ಎಂದು ಹೆಸರು. ಅದು ನಮ್ಮ ಸಕ್ಕರೆಯೇ, ಸಂಸ್ಕೃತದ ಶರ್ಕರೆಯೇ, ಸಕಾರ ಹಕಾರವಾಗಿ ಗುರುತು ಮರೆಸಿಕೊಂಡಿದೆ ಅಷ್ಟೆ. ಹುಡುಗಿಯ ತಾಯಿಯ ತವರು ಉಗಾರ. ಕಬ್ಬಿನ ಹೊಗೆಯ ವಾಸನೆಯಲ್ಲಿ ಬೆಳೆದ ಅವರಿಗೆ ಮಗಳು ತಂದ ಒಂದು ತುಂಡು ಹಕುರುವಿನ ರುಚಿ ಹಿಡಿಸಲಿಲ್ಲ. ಹೆಸರು ಮಾತ್ರ ಬಹಳ ಹಿಡಿಸಿತು.

ಸಿಂಹಳ ಭಾಷೆಯ ನೆಂಟಸ್ತಿಕೆ ಉತ್ತರದ ಆರ್ಯ ಭಾಷೆಗಳೊಂದಿಗೆ ಎಂಬುದನ್ನು ಜರ್ಮನ್ ವಿದ್ವಾಂಸ ವಿಲ್ಹೆಲ್ಮ್ ಗೈಗರ್ ವಿಸ್ತಾರವಾಗಿ ತೋರಿಸಿಕೊಟ್ಟಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಕಡಲು ದಾಟಿದ ಪ್ರಾಕೃತವೊಂದು ಅದರ ತಾಯಿ. ಮರಾಠಿಯೂ ಪ್ರಾಕೃತದ ಕೂಸೇ. ಹಾಗೆಂದು ವಾಕ್ಯದ ಕಟ್ಟನ್ನು ನೋಡಿದರೆ ದಕ್ಷಿಣದ ಗಾಳಿ ಬೀಸಿದ್ದು ಕಾಣುತ್ತದೆ. 'ಮಮ ಗೆದರ ಯನವಾ' ಎಂದರೆ 'ನಾನು ಮನೆಗೆ ಹೋಗುತ್ತೇನೆ'. ಒಂದೊಂದು ಶಬ್ದದ ಕೆಳಗೂ ಕನ್ನಡದ ಶಬ್ದವನ್ನು ಇಟ್ಟುಕೊಂಡು ಹೋಗಬಹುದು, ಎಲ್ಲಿಯೂ ಜಾಗ ಬದಲಿಸಬೇಕಾಗಿಲ್ಲ. ನೋಡಲು ಕನ್ನಡದಂಥ ಅಕ್ಷರ, ಕೇಳಲು ಮರಾಠಿಯ ದಾಯಾದಿಯಂಥ ಮಾತು! ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಎಂದು ಬೆಳೆದ ಗಡಿಯ ಹುಡುಗಿಗೆ ಸಾವಿರ ಮೈಲಿಯಾಚೆ ಎರಡೂ ಒಂದೇ ಪಾತ್ರೆಯಲ್ಲಿ ಸಿಕ್ಕವು. ಬೆಂಗಳೂರಿನವಳಾಗಿದ್ದರೆ ಇದರಲ್ಲಿ ಅರ್ಧವನ್ನೂ, ಪುಣೆಯವಳಾಗಿದ್ದರೆ ಇನ್ನರ್ಧವನ್ನೂ ಅವಳು ಕಳೆದುಕೊಳ್ಳುತ್ತಿದ್ದಳು.

ಇದನ್ನು ಕೇಳುವಾಗ ನನಗೆ ನೆನಪಾದವರು ನಮ್ಮ ಸೀಮೆಯವರೇ ಆದ ಡಾ. ಆ. ನೇ. ಉಪಾಧ್ಯೆಯವರು. 1906ರಲ್ಲಿ ಸದಲಗಾದಲ್ಲಿ ಹುಟ್ಟಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ದೀರ್ಘಕಾಲ ಪ್ರಾಕೃತವನ್ನು ಕಲಿಸಿ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದವರು ಅವರು. ಅವರು ಸಂಪಾದಿಸಿದ ಗ್ರಂಥಗಳಲ್ಲಿ ಉದ್ಯೋತನ ಸೂರಿಯ 'ಕುವಲಯಮಾಲಾ' ಒಂದು, ಕ್ರಿ.ಶ. 779ರ ಪ್ರಾಕೃತ ಕೃತಿ. ಅದರಲ್ಲೊಂದು ಪೇಟೆಯ ವರ್ಣನೆಯುಂಟು. ನಾನಾ ದೇಶಗಳ ವ್ಯಾಪಾರಿಗಳು ತಂತಮ್ಮ ನುಡಿಗಳಲ್ಲಿ ಚೌಕಾಶಿ ಮಾಡುತ್ತಿರುತ್ತಾರೆ. ಮಹಾರಾಷ್ಟ್ರದವನೂ ಇದ್ದಾನೆ, ಕರ್ನಾಟಕದವನೂ ಇದ್ದಾನೆ. ಸದಲಗಾದಲ್ಲಿ ಹುಟ್ಟಿದವರಿಗೆ ಆ ಪುಟವನ್ನು ಸಂಪಾದಿಸುವಾಗ ತಮ್ಮ ಊರ ಸಂತೆಯೇ ಕಣ್ಣಮುಂದೆ ಬಂದಿರಲಾರದೆ? ಇದು ನನ್ನ ಊಹೆ ಮಾತ್ರ.

ಪ್ರೇಕ್ಷಣೀಯ ಸ್ಥಳಗಳ ಬಗ್ಗೆ ಹುಡುಗಿ ಹೆಚ್ಚು ಹೇಳಲಿಲ್ಲ, ನಾನೂ ಹಿಗ್ಗಿಸುವುದಿಲ್ಲ. ಕ್ಯಾಂಡಿಯಲ್ಲಿ ಬುದ್ಧನ ದಂತವಿರುವ ದೇವಾಲಯ, ಪೇರಾದೆಣಿಯದ ಸಸ್ಯೋದ್ಯಾನ, ಕೊಲಂಬೊದ ಕಡಲ ದಂಡೆ. ಮೂರು ಹೊತ್ತೂ ಅನ್ನ ಮತ್ತು ತೆಂಗು. ಐದನೆಯ ದಿನ ಅವಳು ಕಟಕ ರೊಟ್ಟಿಯ ಡಬ್ಬಿ ತೆರೆದಾಗ ಜೊತೆಗಾತಿ ಒಂದು ಚೂರು ಮುರಿದು, ಕಟ್ಟೆಂಬ ಸಪ್ಪಳಕ್ಕೆ ಬೆಚ್ಚಿ, ಇದನ್ನು ನೆನೆಸಿ ತಿನ್ನಬೇಕೇ ಎಂದು ಕೇಳಿದಳಂತೆ. ಅಥಣಿಯ ಚಪ್ಪಲಿ ಅವಳ ಕಾಲಿಗೆ ಎರಡು ಬೆರಳು ದೊಡ್ಡದಾಯಿತು. ಆದರೂ ಅದನ್ನೇ ಮೆಟ್ಟಿಕೊಂಡು, ನಡೆದಲ್ಲೆಲ್ಲ ಚರಚರ ಸದ್ದು ಮಾಡುತ್ತ ಆ ಹುಡುಗಿ ಇಡೀ ಶಿಬಿರವನ್ನು ಸುತ್ತಿದಳಂತೆ.

ಇಷ್ಟೇ ಆಗಿದ್ದರೆ ನಾನು ಈ ವಾರ ಬೇರೆ ಏನನ್ನಾದರೂ ಬರೆಯುತ್ತಿದ್ದೆ. ಹಿಂದಿರುಗಿದ ಮೇಲೆ ಒಂದು ಸಂಜೆ ಹುಡುಗಿ ನಮ್ಮ ಮನೆಗೆ ಬಂದಳು. ಚಹ ಕುಡಿದಳು. ಹೋಗಲು ಎದ್ದವಳು ಮತ್ತೆ ಕುಳಿತಳು. "ಕಾಕಾ, ನಾ ಅಲ್ಲೆ ಒಂದು ಸುಳ್ಳ ಹೇಳಿ ಬಂದೇನರಿ," ಎಂದಳು.

ಸಂಗತಿ ಹೀಗೆ. ಶ್ರೀಲಂಕೆಯ ಫಲಕಗಳಲ್ಲಿ ಸಾಮಾನ್ಯವಾಗಿ ಮೂರು ಸಾಲುಗಳು: ಮೇಲೆ ಸಿಂಹಳ, ನಡುವೆ ತಮಿಳು, ಕೆಳಗೆ ಇಂಗ್ಲಿಷ್. ಒಂದು ದಿನ ಬಸ್ಸಿನಲ್ಲಿ ಕುಳಿತಾಗ ನಮ್ಮವಳು ನಡುವಿನ ಸಾಲನ್ನು ತೋರಿಸಿ, ಅದನ್ನು ಓದೆಂದು ಗೆಳತಿಗೆ ಹೇಳಿದಳು. ಗೆಳತಿಗೆ ಬರಲಿಲ್ಲ. ಶಾಲೆಯಲ್ಲಿ ಸ್ವಲ್ಪ ಕಲಿತಿದ್ದೆ, ಮರೆತುಹೋಯಿತು ಎಂದು ನಾಚಿದಳು. ಆ ನಾಚಿಕೆಯಿಂದಲೇ ಮಾತು ಬೆಳೆಯಿತು. ತನ್ನ ನಾಡಿನ ಕಷ್ಟಗಳನ್ನು ಆ ಹುಡುಗಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಳು: 2022ರಲ್ಲಿ ಪೆಟ್ರೋಲಿಗಾಗಿ ನಿಂತ ಸಾಲುಗಳು, ದಿನಕ್ಕೆ ಹದಿಮೂರು ಗಂಟೆಗಳವರೆಗೂ ವಿದ್ಯುತ್ತಿಲ್ಲದ ದಿನಗಳು, ಅದಕ್ಕೂ ಹಿಂದಿನ ಯುದ್ಧ, ಆ ಯುದ್ಧಕ್ಕೂ ಹಿಂದಿನ ಭಾಷೆಯ ಜಗಳ. ಕೊನೆಗೆ, "ನಿಮ್ಮ ಊರಿನಲ್ಲಿಯೂ ಎರಡು ಭಾಷೆಯವರು ಇದ್ದೀರೆಂದೆಯಲ್ಲ, ನೀವು ಜಗಳವಾಡುವುದಿಲ್ಲವೇ?" ಎಂದು ಕೇಳಿದಳು.

"ಇಲ್ಲ," ಎಂದು ನಮ್ಮವಳು ಹೇಳಿಬಿಟ್ಟಳು. "ನಮ್ಮಲ್ಲಿ ಅಂಥದೇನೂ ಇಲ್ಲ."

ಆ ರಾತ್ರಿ ಅವಳಿಗೆ ನಿದ್ರೆ ಬರಲಿಲ್ಲ. 2022ರ ಡಿಸೆಂಬರದ ಒಂದು ರಾತ್ರಿ ಕಣ್ಣಮುಂದೆ ಬಂದು ನಿಂತಿತು. ಗಡಿಯ ವಾದ ಮತ್ತೆ ಎದ್ದಿದ್ದ ದಿನಗಳವು. ಬೆಳಗಾವಿಯ ಹತ್ತಿರ ಮಹಾರಾಷ್ಟ್ರದ ವಾಹನಗಳಿಗೆ ಕಲ್ಲು ಬಿದ್ದವು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಎರಡೂ ಕಡೆಯ ಬಸ್ಸುಗಳು ಗಡಿಯನ್ನು ದಾಟುವುದನ್ನು ನಿಲ್ಲಿಸಿದವು. ಕೊಲ್ಹಾಪುರದಿಂದ ಹೊರಟ ತಂದೆ ಮನೆಗೆ ಬಾರದೆ, ಫೋನಿಗೂ ಸಿಕ್ಕದೆ, ತಾಯಿ ಬೀಡಿಯ ಮೊರವನ್ನು ಮುಂದಿಟ್ಟುಕೊಂಡು ಒಂದೂ ಬೀಡಿ ಕಟ್ಟದೆ ಬಾಗಿಲನ್ನೇ ನೋಡುತ್ತ ಕುಳಿತ ರಾತ್ರಿ. ಹುಡುಗಿ ಆಗ ಶಾಲೆಯಲ್ಲಿದ್ದಳು. ತಂದೆ ಬಂದದ್ದು ಎರಡು ಗಂಟೆಗೆ. ಬಸ್ಸನ್ನು ಕಾಗಲದ ಆಚೆ ಒಂದು ಡಿಪೋದಲ್ಲಿ ಬಿಟ್ಟು, ಸಮವಸ್ತ್ರದ ಮೇಲೆ ಬೇರೆಯವರ ಅಂಗಿ ಹಾಕಿಕೊಂಡು, ಕೊಗನೊಳಿಯ ಟೋಲ್ ನಾಕೆಯವರೆಗೆ ಲಾರಿಯೊಂದರಲ್ಲಿ ಬಂದಿದ್ದರು. ಅಂಗಿ ಕೊಟ್ಟವನು ಮಹಾರಾಷ್ಟ್ರದ ಎಸ್.ಟಿ. ಬಸ್ಸಿನ ಚಾಲಕ, ಹದಿನೈದು ವರ್ಷಗಳಿಂದ ಕೊಲ್ಹಾಪುರದ ನಿಲ್ದಾಣದಲ್ಲಿ ಇಬ್ಬರೂ ಒಂದೇ ಅಂಗಡಿಯ ಚಹ ಕುಡಿದವರು.

ಹುಡುಗಿ ತಪ್ಪು ಮಾಡಿದಳೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಪರದೇಶದಲ್ಲಿ ಎದೆಯ ಮೇಲೆ ದೇಶದ ಹೆಸರನ್ನು ಹೊಲಿದುಕೊಂಡು ನಿಂತವಳು ಮನೆಯ ಮಾನವನ್ನು ಕಾಪಾಡಿದಳು. ನೆಂಟರ ಮುಂದೆ ಅಡಿಗೆಮನೆಯ ಬಾಗಿಲನ್ನು ಎಳೆದುಕೊಳ್ಳುವುದನ್ನು ನಾವೇ ಕಲಿಸಿರುತ್ತೇವೆ. ಮೇಲಾಗಿ ನಮ್ಮ ಜಗಳವನ್ನು ಅವರದರ ಜೊತೆಗೆ ತೂಗುವಂತಿಲ್ಲ. ಬಂಡಾರನಾಯಕೆಯವರು ಸಿಂಹಳವೊಂದನ್ನೇ ಆಡಳಿತ ಭಾಷೆಯೆಂದು ಸಾರುವ ಕಾನೂನನ್ನು ತಂದದ್ದು 1956ರ ಜೂನಿನಲ್ಲಿ. ತಮಿಳರ ನಾಯಕ ಚೆಲ್ವನಾಯಕಂ ಅವರೊಂದಿಗೆ 1957ರಲ್ಲಿ ಒಪ್ಪಂದಕ್ಕೆ ಬಂದರು. ಸ್ವಂತ ಜನರ ಒತ್ತಾಯಕ್ಕೆ ಮಣಿದು 1958ರಲ್ಲಿ ಅದನ್ನು ಹಿಂತೆಗೆದುಕೊಂಡರು. 1959ರಲ್ಲಿ ಒಬ್ಬ ಭಿಕ್ಷುವಿನ ಗುಂಡಿಗೆ ಬಲಿಯಾದರು. 1981ರಲ್ಲಿ ಜಾಫ್ನಾದ ಗ್ರಂಥಾಲಯ ಸುಟ್ಟುಹೋಯಿತು, ಸುಮಾರು 97,000 ಗ್ರಂಥಗಳ ಸಮೇತ. 1983ರಿಂದ 2009ರವರೆಗೆ ಯುದ್ಧ. ತಮಿಳನ್ನೂ ಆಡಳಿತ ಭಾಷೆಯೆಂದು ಸಂವಿಧಾನದಲ್ಲಿ ಬರೆದದ್ದು 1987ರಲ್ಲಿ. ಫಲಕದ ನಡುವಿನ ಆ ಒಂದು ಸಾಲಿನ ಹಿಂದೆ ಇಷ್ಟು ವರ್ಷಗಳಿವೆ.

ನಮ್ಮ ನಿಪ್ಪಾಣಿ, ಚಿಕ್ಕೋಡಿ, ಅಥಣಿಗಳು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು ಅದೇ 1956ರ ನವೆಂಬರ 1ರಂದು. ಎರಡರ ನಡುವೆ ಐದೇ ತಿಂಗಳು. ಅವರಲ್ಲಿ ಆದಷ್ಟು ನಮ್ಮಲ್ಲಿ ಆಗಲಿಲ್ಲ. ಏಕೆ ಆಗಲಿಲ್ಲವೆಂಬುದಕ್ಕೆ ಪಂಡಿತರು ಕಾರಣಗಳನ್ನು ಕೊಟ್ಟಾರು. ನನಗೆ ಕಾಣುವುದು ಆ ಅಂಗಿ. ಹುಡುಗಿ ಗೆಳತಿಗೆ ಕಲ್ಲಿನ ಸುದ್ದಿಯನ್ನು ಹೇಳಲಿಲ್ಲವೆಂಬುದಕ್ಕಿಂತ ಅಂಗಿಯ ಸುದ್ದಿಯನ್ನೂ ಹೇಳದೆ ಬಂದಳಲ್ಲ ಎಂದೇ ನನಗೆ ಹೆಚ್ಚು ಕೆಡುಕೆನಿಸಿತು. ಒಂದನ್ನು ಮುಚ್ಚಿದರೆ ಇನ್ನೊಂದನ್ನೂ ಹೇಳುವಂತಿಲ್ಲ. ಇದನ್ನೇ ಅವಳಿಗೆ ಹೇಳಿದೆ.

"ಹಂಗಾರ ಬರದ ಕಳಸ್ಲೇನರಿ?" ಎಂದು ಕೇಳಿದಳು.

ಬರೆದಳು. ದಿನವೂ ಮೊಬೈಲಿನಲ್ಲಿ ಹೂವು, ನಗೆಮೊಗ ಕಳಿಸಿಕೊಳ್ಳುವ ಹುಡುಗಿಯರು. ಆದರೆ ಈ ವಿಷಯ ಅದರಲ್ಲಿ ಹಿಡಿಸದೆಂದು ತೋರಿರಬೇಕು, ಕಾಗದವನ್ನೇ ತೆಗೆದುಕೊಂಡಳು. ಎರಡು ಪುಟ. ಇಂಗ್ಲಿಷಿನ ವ್ಯಾಕರಣವನ್ನು ತಿದ್ದಲು ನನ್ನ ಬಳಿಗೆ ತಂದಿದ್ದಳು. ನಾನು ಎರಡೇ ಕಡೆ ಕೈಯಾಡಿಸಿ ಹಿಂದಿರುಗಿಸಿದೆ. ಅಂಚೆಗೆ ಹಾಕಲು ತಂದೆಯೇ ಹೋದರು. ಮಗಳು ಅದರಲ್ಲಿ ತಮ್ಮ ಬಗ್ಗೆ ಏನು ಬರೆದಿದ್ದಾಳೆಂದು ಅವರು ಕೇಳಲಿಲ್ಲ.

ಉತ್ತರ ಬರಲು ಒಂದು ತಿಂಗಳ ಮೇಲೆ ಹಿಡಿಯಿತು. ಅದರಲ್ಲಿದ್ದುದನ್ನು ಇಲ್ಲಿ ಬರೆಯಬಹುದೇ ಎಂದು ಕೇಳಿಯೇ ಬರೆಯುತ್ತಿದ್ದೇನೆ. ಅವಳ ಅಜ್ಜನ ಮಗ್ಗುಲ ಮನೆಯಲ್ಲಿ ತಮಿಳು ಕುಟುಂಬವೊಂದಿತ್ತಂತೆ. 1983ರ ಜುಲೈನಲ್ಲಿ ಮನೆ ಬಿಟ್ಟು ಹೋದವರು ತಿರುಗಿ ಬರಲಿಲ್ಲ. ಅಜ್ಜ ಆ ಮಾತನ್ನು ಮನೆಯಲ್ಲಿ ಎಂದೂ ಎತ್ತುತ್ತಿರಲಿಲ್ಲ. ಚಾಲಕನ ಅಂಗಿಯ ಕಥೆಯನ್ನು ಮೊಮ್ಮಗಳು ಓದಿ ಹೇಳಿದ ದಿನ ಆ ನೆರೆಯವರ ಹೆಸರುಗಳನ್ನು, ಮಕ್ಕಳ ಹೆಸರುಗಳನ್ನು ಕೂಡ, ಒಂದೊಂದಾಗಿ ಹೇಳಿದರಂತೆ. ಪತ್ರದ ಕೊನೆಗೆ ಗೆಳತಿ ತನ್ನ ಹೆಸರನ್ನು ಮೂರು ಲಿಪಿಗಳಲ್ಲಿ ಬರೆದಿದ್ದಳು. ನಡುವಿನದು ಬಾಲಬೋಧೆಯ ಮಕ್ಕಳ ಅಕ್ಷರದಂತೆ ದೊಡ್ಡದಾಗಿಯೂ ಸೊಟ್ಟಗೂ ಇತ್ತು.

ಲಕೋಟೆಯೊಳಗೆ ಇನ್ನೊಂದು ಹಾಳೆಯಿತ್ತು. ಅದರ ಮೇಲೆ ಬಲಗಾಲನ್ನಿಟ್ಟು ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು. ಬರುವ ರವಿವಾರ ಹುಡುಗಿಯ ತಂದೆಗೆ ರಜೆ. ಹಾಳೆಯನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡು ಚಿಕ್ಕೋಡಿಯ ಮೇಲಿಂದ ಅಥಣಿಗೆ ಹೋಗುವವರಿದ್ದಾರೆ. ಎಡಗಾಲಿನ ಅಳತೆ ಏಕೆ ಕಳಿಸಲಿಲ್ಲವೆಂದು ಅವರಿಗೆ ಸ್ವಲ್ಪ ಚಿಂತೆಯಾಗಿದೆ.